ಸಚಿವರು ಒಪ್ಪಿದ್ದನ್ನು ಸಂಪುಟ ಒಪ್ಪಲಿಲ್ಲ: ಈಗ ಯಾರನ್ನು ಕೇಳೋದು?

ಪ್ರಶ್ನೆ: ಸರ್, ನಾನು ಪಾಂಡವಪುರ ತಾಲ್ಲೂಕಿನ ರೈತ. ನಮ್ಮ ಭಾಗದ ನಾಲೆ ಆಧುನೀಕರಣಕ್ಕೆ ಈ ವರ್ಷವೇ ಹಣ ಬರುತ್ತದೆ ಅಂತ ಸಚಿವರೊಬ್ಬರು ನಮ್ಮೂರ ವೇದಿಕೆಯಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ಹೊಡೆದೆವು. ಎರಡು ತಿಂಗಳಾದ ಮೇಲೆ ಸಂಪುಟ ಸಭೆಯಲ್ಲಿ ಆ ಕೆಲಸವನ್ನು ಮುಂದಕ್ಕೆ ಹಾಕಿದರು. ಅದೇ ಸಚಿವರು ಟೀವಿಯಲ್ಲಿ ಬಂದು ‘ಸಂಪುಟದ ತೀರ್ಮಾನ ಸರಿಯಾಗಿಯೇ ಇದೆ’ ಅಂದರು. ಇದು ಎರಡು ನಾಲಿಗೆ ಅಲ್ವಾ? ಆ ಸಭೆಯಲ್ಲಿ ನಿಜವಾಗಿ ಏನು ನಡೆಯುತ್ತದೆ? ಓಟು ಹಾಕುತ್ತಾರಾ, ಇಲ್ಲ ಮುಖ್ಯಮಂತ್ರಿ ಹೇಳಿದ್ದೇ ಆಗುತ್ತದಾ? ನಮ್ಮಂಥವರು ಯಾರನ್ನು ಹಿಡಿದು ಕೇಳಬೇಕು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದು ಬೀಳಬೇಕಾದ ಜಾಗ ಸ್ವಲ್ಪ ಬೇರೆ. ಆ ಸಚಿವರು ಟೀವಿಯಲ್ಲಿ ಸಂಪುಟದ ತೀರ್ಮಾನವನ್ನು ಸಮರ್ಥಿಸಿಕೊಂಡದ್ದು ತಪ್ಪಲ್ಲ. ಅವರು ಹಾಗೆ ಮಾಡಲೇಬೇಕು, ಆಗದಿದ್ದರೆ ಸ್ಥಾನ ಬಿಡಬೇಕು. ತಪ್ಪು ಆದದ್ದು ಅದಕ್ಕೆ ಎರಡು ತಿಂಗಳು ಮುಂಚೆ. ಸಂಪುಟದ ಮುಂದೆ ಇನ್ನೂ ಬಾರದ ವಿಷಯವನ್ನು, ಆಗಿಯೇ ಹೋಯಿತು ಅನ್ನುವ ಹಾಗೆ ನಿಮ್ಮೂರಲ್ಲಿ ಹೇಳಿದರಲ್ಲ, ಅಲ್ಲಿ. ಯಾಕೆ ಹೀಗನ್ನುತ್ತೇನೆ ಅಂತ ಬಿಡಿಸಿ ಹೇಳುತ್ತೇನೆ. ಮೈಸೂರಿನಲ್ಲಿ ಬಹಳ ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಈ ವಿಷಯವನ್ನು ಪರೀಕ್ಷೆಗೆ ಉರು ಹೊಡೆದವರನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಹಾಗೆ ಹೊಲದಲ್ಲಿ ನಿಂತು ಕೇಳಿದವರು ಕಡಿಮೆ.

ನಿಮ್ಮೂರಲ್ಲಿ ಹೆಂಗಸರ ಸಂಘ ಇದ್ದೇ ಇರುತ್ತದೆ. ಅವರು ಬ್ಯಾಂಕಿನಿಂದ ಗುಂಪು ಸಾಲ ತರುವುದನ್ನು ನೋಡಿರುತ್ತೀರಿ. ಸಾಲ ತರಬೇಕಾ ಬೇಡವಾ, ಯಾರಿಗೆ ಎಷ್ಟು, ಅನ್ನುವುದಕ್ಕೆ ಸಂಘದ ಮೀಟಿಂಗಿನಲ್ಲಿ ಜೋರು ಜಗಳವೇ ಆಗಬಹುದು. ಆದರೆ ತೀರ್ಮಾನವಾಗಿ ಸಹಿ ಬಿದ್ದ ಮೇಲೆ, ಕಂತಿನ ದಿನ ಬ್ಯಾಂಕಿನವರು ಬಂದಾಗ ‘ನಾನು ಅವತ್ತೇ ಬೇಡ ಅಂದಿದ್ದೆ, ನನ್ನನ್ನು ಕೇಳಬೇಡಿ’ ಅಂತ ಒಬ್ಬರೂ ಹೇಳುವ ಹಾಗಿಲ್ಲ. ಹೇಳಿದರೆ ಬ್ಯಾಂಕು ಯಾರ ಹತ್ತಿರ ವಸೂಲಿ ಮಾಡಬೇಕು? ಸಂಪುಟದ ಲೆಕ್ಕವೂ ಇದೇ. ಅಲ್ಲಿ ಸಹಿ ಹಾಕಿದವರು ಸಚಿವರು. ವಸೂಲಿಗೆ ಬರುವವರು ವಿಧಾನಸಭೆ, ಅದರ ಮೂಲಕ ನೀವು. ಒಳಗೆ ಬೇಕಾದಷ್ಟು ಜಗಳವಾಡಲಿ. ಹೊರಗೆ ಬಂದ ಮೇಲೆ ಒಂದೇ ಮಾತು. ಅದನ್ನು ಸಾಮೂಹಿಕ ಹೊಣೆ ಅನ್ನುತ್ತಾರೆ. ಅದು ಇಲ್ಲದೆ ಹೋದರೆ ಏನಾಗುತ್ತದೆ ಯೋಚಿಸಿ. ನೀರಾವರಿ ಸಚಿವರು ‘ನಾನು ಕೊಡಬೇಕು ಅಂದೆ, ಹಣಕಾಸಿನವರು ಬಿಡಲಿಲ್ಲ’ ಅನ್ನುತ್ತಾರೆ. ಹಣಕಾಸಿನವರು ‘ಮುಖ್ಯಮಂತ್ರಿ ಬೇಡ ಅಂದರು’ ಅನ್ನುತ್ತಾರೆ. ನೀವು ಮೂರು ಬಾಗಿಲು ಅಲೆದು ಬರಿಗೈಯಲ್ಲಿ ಮನೆಗೆ ಬರುತ್ತೀರಿ. ಒಂದೇ ಮಾತು ಅನ್ನುವ ನಿಯಮ ಸಚಿವರನ್ನು ಕಾಪಾಡುವುದಕ್ಕೆ ಇರುವುದಲ್ಲ. ಅವರು ಯಾರೂ ನುಣುಚಿಕೊಳ್ಳದ ಹಾಗೆ ನೋಡುವುದಕ್ಕೆ ಇರುವುದು.

ಈ ನಿಯಮ ನಿಮ್ಮ ಜಿಲ್ಲೆಯವರು ಹೋರಾಡಿ ತಂದದ್ದು. ಮದ್ದೂರಿನ ಹತ್ತಿರ ಹೆದ್ದಾರಿಯಲ್ಲಿ ಹೋಗುವಾಗ ಶಿವಪುರದ ಸತ್ಯಾಗ್ರಹ ಸೌಧ ನೋಡಿರುತ್ತೀರಿ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಬಾವುಟ ಹಾರಿಸಿದರು, ಬಂಧನಗಳಾದವು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅವರು ಕೇಳುತ್ತಿದ್ದದ್ದು ಏನು? ಆಗಿನ ಘೋಷಣೆ ‘ಜವಾಬ್ದಾರಿ ಸರ್ಕಾರ ಬೇಕು’ ಅನ್ನುವುದು. ಈಗ ಆ ಮಾತು ಕೇಳಿದರೆ ಸುಮ್ನೆ ಒಳ್ಳೆಯ ಸರ್ಕಾರ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಆಗ ಅದಕ್ಕೆ ಖಚಿತವಾದ ಅರ್ಥ ಇತ್ತು. ಜನ ಆರಿಸಿದ ಸಭೆಗೆ ಉತ್ತರ ಕೊಡುವ ಸರ್ಕಾರ. ಆ ಸಭೆ ಬೇಡ ಅಂದರೆ ಮನೆಗೆ ಹೋಗುವ ಸರ್ಕಾರ.

ಹಾಗಾದರೆ ಅದಕ್ಕೆ ಮುಂಚೆ ಮೈಸೂರಿನಲ್ಲಿ ಸಭೆ ಇರಲಿಲ್ಲವಾ? ಇತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೊದಲ ಸಭೆಗೆ 144 ಮಂದಿ ಸದಸ್ಯರು. ದಸರಾಕ್ಕೆ ಮೈಸೂರಿಗೆ ಬರುತ್ತಿದ್ದ ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯದ ಕಷ್ಟ ಹೇಳಿಕೊಳ್ಳುತ್ತಿದ್ದರು. ದಿವಾನರು ವರ್ಷದ ಲೆಕ್ಕ ಒಪ್ಪಿಸುತ್ತಿದ್ದರು. ದೇಶದ ಬೇರೆ ಸಂಸ್ಥಾನಗಳಲ್ಲಿ ಇಂಥದ್ದು ಇಲ್ಲದ ಕಾಲ ಅದು. ಈ ಊರಿನವನಾಗಿ ನನಗೆ ಅದರ ಬಗ್ಗೆ ಹೆಮ್ಮೆ ಇದೆ. 1907ರಲ್ಲಿ ನ್ಯಾಯವಿಧಾಯಕ ಸಭೆಯೂ, ಅಂದರೆ ಕಾನೂನು ಮಾಡುವ ಸಭೆಯೂ ಬಂತು. 1923ರಲ್ಲಿ ಎರಡೂ ಸಭೆಗಳಿಗೆ ಹೆಚ್ಚಿನ ಅಧಿಕಾರ ಸಿಕ್ಕಿತು. ಆದರೆ ಒಂದು ಅಧಿಕಾರ ಮಾತ್ರ ಸಿಗಲಿಲ್ಲ. ದಿವಾನರನ್ನು ಇಳಿಸುವ ಅಧಿಕಾರ. ದಿವಾನರು ಉತ್ತರ ಕೊಡಬೇಕಾದದ್ದು ಮಹಾರಾಜರಿಗೆ, ಸಭೆಗಲ್ಲ. ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಅಂಥವರು ಆ ಕುರ್ಚಿಯಲ್ಲಿ ಕೂತಿದ್ದರು. ಅವರು ಕಟ್ಟಿಸಿದ್ದರ ನೀರನ್ನೇ ನೀವು ಇವತ್ತು ಹೊಲಕ್ಕೆ ಹರಿಸುತ್ತಿದ್ದೀರಿ. ಶಿವಪುರದಲ್ಲಿ ಸೇರಿದವರಿಗೂ ಇದು ಗೊತ್ತಿತ್ತು. ಆದರೂ ದಿವಾನರು ಒಳ್ಳೆಯವರೋ ಅಲ್ಲವೋ ಅನ್ನುವುದು ಅವರ ಪ್ರಶ್ನೆಯಾಗಿರಲಿಲ್ಲ. ಕೆಟ್ಟವರು ಬಂದರೆ ಯಾರು ಇಳಿಸುತ್ತಾರೆ ಅನ್ನುವುದು ಪ್ರಶ್ನೆಯಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೂ ಆ ಪ್ರಶ್ನೆಗೆ ತಕ್ಷಣ ಉತ್ತರ ಸಿಗಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಿತು. ಮೈಸೂರಿನಲ್ಲಿ ಗುಂಡೇಟಿಗೆ ರಾಮಸ್ವಾಮಿ ಅನ್ನುವ ವಿದ್ಯಾರ್ಥಿ ಬಲಿಯಾದ. ಚಾಮರಾಜ ಜೋಡಿ ರಸ್ತೆಯ ರಾಮಸ್ವಾಮಿ ವೃತ್ತಕ್ಕೆ ಅವನದೇ ಹೆಸರು. ಅಲ್ಲಿ ಸಿಗ್ನಲ್ಲಿಗೆ ಕಾಯುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ, ನನಗೆ ಆ ದಾರಿಯಲ್ಲಿ ಹೋದಾಗಲೆಲ್ಲ ನೆನಪಾಗುತ್ತದೆ. ಕೊನೆಗೆ ಆ ವರ್ಷ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು.

ಸಂವಿಧಾನ ಬಂದಾಗ ಆ ಹೋರಾಟದ ಬೇಡಿಕೆ ಒಂದು ಸಾಲಾಗಿ ಸೇರಿತು. 164ನೇ ವಿಧಿಯ ಎರಡನೇ ಖಂಡ. ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಅನ್ನುತ್ತದೆ ಅದು. ಗಮನಿಸಿ, ವಿಧಾನ ಪರಿಷತ್ತಿಗೆ ಅಲ್ಲ, ನೀವು ನೇರವಾಗಿ ಓಟು ಹಾಕಿ ಆರಿಸಿದ ವಿಧಾನಸಭೆಗೆ. ಕೇಂದ್ರದಲ್ಲಿ ಲೋಕಸಭೆಗೆ ಇದೇ ಮಾತನ್ನು 75ನೇ ವಿಧಿ ಹೇಳುತ್ತದೆ. ಸಂಪುಟದ ಉಳಿದ ನಡವಳಿಕೆ ಎಲ್ಲ ಬಹುಪಾಲು ಈ ಸಾಲಿನಿಂದಲೇ ಹುಟ್ಟಿದ್ದು.

ಈಗ ನಿಮ್ಮ ನಾಲೆಯ ಕಡತದ ಹಿಂದೆ ಹೋಗೋಣ.

ಸಚಿವರು ವೇದಿಕೆಯಲ್ಲಿ ಮಾತು ಕೊಟ್ಟ ಮಾತ್ರಕ್ಕೆ ಸರ್ಕಾರ ಮಾತು ಕೊಟ್ಟಂತೆ ಅಲ್ಲ. ದೊಡ್ಡ ಮೊತ್ತದ ಕೆಲಸವಾದರೆ ಮೊದಲು ಎಂಜಿನಿಯರುಗಳು ಅಂದಾಜು ಪಟ್ಟಿ ಮಾಡುತ್ತಾರೆ. ಅದು ನೀರಾವರಿ ನಿಗಮದಿಂದ ಜಲಸಂಪನ್ಮೂಲ ಇಲಾಖೆಗೆ ಹೋಗುತ್ತದೆ. ಇಲಾಖೆಯ ಕಾರ್ಯದರ್ಶಿ ನೋಡುತ್ತಾರೆ, ಸಚಿವರು ನೋಡುತ್ತಾರೆ. ಅಲ್ಲಿಂದ ಕಡತ ಆರ್ಥಿಕ ಇಲಾಖೆಗೆ. ಎಷ್ಟೋ ಕನಸುಗಳು ನಿಲ್ಲುವ ಜಾಗ ಇದು. ಬಜೆಟ್‌ನಲ್ಲಿ ಇದಕ್ಕೆ ಹಣ ಇಟ್ಟಿದ್ದಾರಾ, ಈಗಾಗಲೇ ಒಪ್ಪಿದ ಕೆಲಸಗಳ ಬಿಲ್ಲು ಎಷ್ಟು ಬಾಕಿ ಇದೆ, ಮುಂದಿನ ವರ್ಷಗಳಿಗೆ ಎಷ್ಟು ಹೊರೆ, ಇದೆಲ್ಲ ಕೇಳುತ್ತಾರೆ. ಆರ್ಥಿಕ ಇಲಾಖೆಯನ್ನು ಬೈಯುವುದು ಸುಲಭ. ಆದರೆ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಲೇಬೇಕು, ಅಲ್ವಾ? ಕಾನೂನಿನ ತೊಡಕು ಇದ್ದರೆ ಕಾನೂನು ಇಲಾಖೆಯ ಅಭಿಪ್ರಾಯವೂ ಬೇಕು.

ಇದೆಲ್ಲ ಮುಗಿದ ಮೇಲೆ ಇಲಾಖೆ ಸಂಪುಟ ಟಿಪ್ಪಣಿ ತಯಾರು ಮಾಡುತ್ತದೆ. ವಿಷಯ ಏನು, ಖರ್ಚು ಎಷ್ಟು, ಯಾವ ಇಲಾಖೆ ಏನಂದಿತು, ಸಂಪುಟ ಏನನ್ನು ಒಪ್ಪಬೇಕು, ಇಷ್ಟೂ ಅದರಲ್ಲಿ ಇರಬೇಕು. ಆರ್ಥಿಕ ಇಲಾಖೆ ಬೇಡ ಅಂದಿದ್ದರೆ ಆ ಮಾತನ್ನು ಮುಚ್ಚಿಡುವ ಹಾಗಿಲ್ಲ. ಟಿಪ್ಪಣಿ ಮುಖ್ಯ ಕಾರ್ಯದರ್ಶಿಗಳ ಕೈಗೆ ಹೋಗುತ್ತದೆ. ಸಂಪುಟಕ್ಕೆ ಕಾರ್ಯದರ್ಶಿಯೂ ಅವರೇ. ಮುಖ್ಯಮಂತ್ರಿ ಒಪ್ಪಿದರೆ ಅದು ಕಾರ್ಯಸೂಚಿಗೆ ಸೇರುತ್ತದೆ. ಮುಖ್ಯಮಂತ್ರಿ ಒಪ್ಪದಿದ್ದರೆ ಸೇರುವುದಿಲ್ಲ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಅದಕ್ಕೆ ಬರುತ್ತೇನೆ.

ಸಚಿವರಿಗೆ ಟಿಪ್ಪಣಿ ಮುಂಚಿತವಾಗಿ ತಲುಪಬೇಕು. ಓದಿಕೊಂಡು ಬರಲಿ ಅಂತ. ಆದರೆ ಕೊನೇ ಗಳಿಗೆಯಲ್ಲಿ ‘ಹೆಚ್ಚುವರಿ ವಿಷಯ’ ಅಂತ ಸೇರುವುದೂ ಉಂಟು. ಸಭೆ ಶುರುವಾಗುವ ಹೊತ್ತಿಗೆ ಮೇಜಿನ ಮೇಲೆ ಬಂದ ಟಿಪ್ಪಣಿಯನ್ನು ಯಾರು ಓದಿರುತ್ತಾರೆ? ಆದರೂ ತೀರ್ಮಾನದ ಹೊಣೆ ಅಲ್ಲಿ ಕೂತ ಎಲ್ಲರದು. ಓದದೆ ಹೊಣೆ ಹೊರುವುದು ನನಗೆ ಸರಿ ಕಾಣುವುದಿಲ್ಲ. ಸಂಪುಟ ಪದ್ಧತಿ ಸಡಿಲವಾಗುವುದು ಇಂಥ ಸಣ್ಣ ಸಣ್ಣ ಕಡೆಗಳಲ್ಲಿ.

ಸಭೆಯಲ್ಲಿ ಓಟು ಹಾಕುತ್ತಾರಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಇಲ್ಲ. ಆ ಇಲಾಖೆಯ ಸಚಿವರು ವಿಷಯ ಹೇಳುತ್ತಾರೆ. ಬೇರೆಯವರು ಮಾತಾಡುತ್ತಾರೆ. ನಮ್ಮ ಜಿಲ್ಲೆಗೆ ಯಾಕಿಲ್ಲ, ಹಿಂದುಳಿದ ಭಾಗಕ್ಕೆ ಮೊದಲು ಕೊಡಿ, ಇಷ್ಟು ದೊಡ್ಡ ಮೊತ್ತ ಒಂದೇ ಸಲ ಬೇಡ, ಹೀಗೆ. ಕೊನೆಗೆ ಮುಖ್ಯಮಂತ್ರಿ ಎಲ್ಲರ ಮಾತಿನ ಒಲವು ನೋಡಿ ‘ಇದು ತೀರ್ಮಾನ’ ಅನ್ನುತ್ತಾರೆ. ಯಾರೂ ಎದ್ದು ಹೋಗದಿದ್ದರೆ ಅದು ಎಲ್ಲರ ತೀರ್ಮಾನ. ಕೈ ಎತ್ತಿಸಿ ಎಣಿಸಿದರೆ ಸೋತವರು ಯಾರು ಅಂತ ಗುರುತಾಗುತ್ತದೆ. ಆಮೇಲೆ ಅವರು ಆ ತೀರ್ಮಾನವನ್ನು ಮನಸ್ಸಿಟ್ಟು ನಡೆಸುವುದು ಕಷ್ಟ.

ಒಮ್ಮತ ಬಾರದೆ ಇದ್ದರೆ? ವಿಷಯ ಮುಂದಕ್ಕೆ ಹೋಗುತ್ತದೆ. ಇಲ್ಲವಾದರೆ ಮೂರು ನಾಲ್ಕು ಸಚಿವರ ಸಂಪುಟ ಉಪಸಮಿತಿಗೆ ಹೋಗುತ್ತದೆ. 2025ರ ಏಪ್ರಿಲ್ 17ರಂದು ಜಾತಿ ಸಮೀಕ್ಷೆಯ ವರದಿಗಾಗಿಯೇ ವಿಶೇಷ ಸಂಪುಟ ಸಭೆ ಸೇರಿತ್ತಲ್ಲ, ನೆನಪಿದೆಯಾ? ಅವತ್ತು ತೀರ್ಮಾನ ಆಗಲಿಲ್ಲ. ಸಚಿವರು ತಮ್ಮ ಅಭಿಪ್ರಾಯ ಬರೆದು ಕೊಡಲಿ ಅಂತ ಆಯಿತು. ಒಳಗೆ ಒಂದೇ ಮನಸ್ಸು ಇಲ್ಲದಿದ್ದಾಗ ಸಂಪುಟ ಹೀಗೆಯೇ ಸಮಯ ತೆಗೆದುಕೊಳ್ಳುತ್ತದೆ. ಅದನ್ನು ಹೇಡಿತನ ಅಂತ ಎಲ್ಲ ಸಲವೂ ಹೇಳಲಾಗದು.

ಒಳಗೆ ಯಾರು ಏನಂದರು ಅನ್ನುವುದು ಹೊರಗೆ ಬರಬಾರದು. ಪ್ರಮಾಣವಚನದ ದಿನ ಸಚಿವರು ಎರಡು ಪ್ರಮಾಣ ಮಾಡುತ್ತಾರೆ. ಒಂದು ಅಧಿಕಾರದ್ದು, ಇನ್ನೊಂದು ಗೋಪ್ಯತೆಯದ್ದು. ‘ಸಂಪುಟ’ ಅನ್ನುವ ಮಾತಿಗೆ ನಮ್ಮಲ್ಲಿ ಮುಚ್ಚಳವಿರುವ ಕರಡಿಗೆ ಅಂತ ಹಳೆಯ ಅರ್ಥ ಇದೆ. ಹೆಸರಿಟ್ಟವರು ಅದನ್ನು ನೆನೆದೇ ಇಟ್ಟರೋ ಏನೋ, ಸರಿಯಾಗಿ ಹೊಂದುತ್ತದೆ. ಗುಟ್ಟು ಯಾಕೆ ಅಂದರೆ, ಒಳಗಿನ ಮಾತು ನಾಳೆ ಪೇಪರಿನಲ್ಲಿ ಬರುತ್ತದೆ ಅಂತ ಗೊತ್ತಿದ್ದರೆ ಯಾವ ಸಚಿವರೂ ತಮ್ಮ ಜಿಲ್ಲೆಯವರಿಗೆ ಬೇಸರವಾಗುವ ನಿಜವನ್ನು ಹೇಳುವುದಿಲ್ಲ. ಎಲ್ಲರೂ ತಮ್ಮ ಊರಿಗೆ ಕೇಳಿಸುವ ಹಾಗೆ ಭಾಷಣ ಮಾಡುತ್ತಾರೆ.

ಸಭೆ ಮುಗಿದ ಮೇಲೆ ಹೆಚ್ಚಾಗಿ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರು ಪತ್ರಕರ್ತರಿಗೆ ತೀರ್ಮಾನಗಳನ್ನು ಹೇಳುತ್ತಾರೆ. ಆದರೆ ಟೀವಿಯಲ್ಲಿ ‘ಸಂಪುಟ ಒಪ್ಪಿಗೆ’ ಅಂತ ಬಂದ ಮಾತ್ರಕ್ಕೂ ಕೆಲಸ ಶುರುವಾಗುವುದಿಲ್ಲ. ಇಲಾಖೆಯಿಂದ ಸರ್ಕಾರಿ ಆದೇಶ ಹೊರಡಬೇಕು. ಆ ಆದೇಶದ ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಂತ ಇರುತ್ತದೆ. ಹಾಗಂತ ರಾಜ್ಯಪಾಲರು ಕೂತು ನಿಮ್ಮ ನಾಲೆಯ ವಿಷಯ ಯೋಚಿಸಿರುವುದಿಲ್ಲ. ಹೆಸರು ಅವರದು, ತೀರ್ಮಾನ ಸಂಪುಟದ್ದು. ಸಂವಿಧಾನವೇ ರಾಜ್ಯಪಾಲರ ವಿವೇಚನೆಗೆ ಬಿಟ್ಟ ಕೆಲವು ವಿಷಯ ಬಿಟ್ಟರೆ ಉಳಿದದ್ದರಲ್ಲಿ ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಅಂತ 1974ರಲ್ಲಿ ಸುಪ್ರೀಂ ಕೋರ್ಟ್ ಶಂಶೇರ್ ಸಿಂಗ್ ಪ್ರಕರಣದಲ್ಲಿ ಖಚಿತ ಮಾಡಿತು.

ಇಲ್ಲಿ ಕಾವೇರಿ ಸೀಮೆಯವರಿಗೆ ನೆನಪಿರುವ ಒಂದು ಉದಾಹರಣೆ ಹೇಳಬೇಕು. 1991ರಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಾಗ ಬಂಗಾರಪ್ಪನವರ ಸರ್ಕಾರ ನಮ್ಮ ರೈತರ ನೀರು ಉಳಿಸಲು ಸುಗ್ರೀವಾಜ್ಞೆ ತಂದಿತು. ಸಂಪುಟದ ಸಲಹೆ, ರಾಜ್ಯಪಾಲರ ಸಹಿ, ಎಲ್ಲ ಕ್ರಮವಾಗಿಯೇ ಇತ್ತು. ಜನ ಬೆನ್ನಿಗಿದ್ದರು. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೀಗೆ ಮಾಡುವ ಅಧಿಕಾರ ರಾಜ್ಯಕ್ಕೆ ಇಲ್ಲ ಅಂದಿತು. ಇಡೀ ಸಂಪುಟ ಒಂದೇ ಮನಸ್ಸಿನಿಂದ ಮಾಡಿದರೂ ಸಂವಿಧಾನದ ಬೇಲಿ ದಾಟುವ ಹಾಗಿಲ್ಲ.

ಈಗ ಮುಖ್ಯಮಂತ್ರಿ ಒಬ್ಬರೇ ತೀರ್ಮಾನ ಮಾಡಬಹುದಾ ಅನ್ನುವ ಪ್ರಶ್ನೆ. ಪುಸ್ತಕದಲ್ಲಿ ಅವರನ್ನು ‘ಸಮಾನರಲ್ಲಿ ಮೊದಲಿಗರು’ ಅನ್ನುತ್ತಾರೆ. ನಾನೂ ಹಾಗೇ ಪಾಠ ಮಾಡಿದ್ದೇನೆ, ಆದರೆ ಅಷ್ಟಕ್ಕೆ ನಿಲ್ಲಿಸಿದರೆ ಅರ್ಧ ಹೇಳಿದ ಹಾಗೆ. ಮಂತ್ರಿಗಳನ್ನು ಆರಿಸುವವರು ಅವರು. ಖಾತೆ ಹಂಚುವವರು ಅವರು. ಕಾರ್ಯಸೂಚಿಗೆ ಏನು ಬರಬೇಕು ಅನ್ನುವುದು ಅವರ ಕೈಯಲ್ಲಿ. ಹೊಂದಿಕೊಳ್ಳದ ಮಂತ್ರಿಯಿಂದ ರಾಜೀನಾಮೆ ಕೇಳಬಹುದು, ಕೊಡದಿದ್ದರೆ ತೆಗೆಯುವಂತೆ ರಾಜ್ಯಪಾಲರಿಗೆ ಸಲಹೆ ಕೊಡಬಹುದು. ಅವರು ರಾಜೀನಾಮೆ ಕೊಟ್ಟರೆ ಇಡೀ ಮಂತ್ರಿಮಂಡಲವೇ ಹೋಗುತ್ತದೆ. ಇಷ್ಟೆಲ್ಲ ಇರುವವರನ್ನು ಬರೀ ಸಮಾನ ಅನ್ನಲಾಗದು.

ತುರ್ತು ಇದ್ದಾಗ ಮುಖ್ಯಮಂತ್ರಿ ಮೊದಲು ಒಪ್ಪಿ, ಆಮೇಲೆ ಸಂಪುಟದ ಮುಂದೆ ಇಟ್ಟು ಘಟನೋತ್ತರ ಅನುಮೋದನೆ ಪಡೆಯುವುದಕ್ಕೂ ದಾರಿ ಇದೆ. ನೆರೆ ಬಂದಿದೆ, ರಾತ್ರೋರಾತ್ರಿ ಹಣ ಬಿಡುಗಡೆ ಆಗಬೇಕು, ಆಗ ಮೂವತ್ತು ಮಂದಿ ಸೇರುವವರೆಗೆ ಕಾಯಲಾಗುವುದಿಲ್ಲ. ಆದರೆ ಈ ದಾರಿ ಎಷ್ಟು ಅಪಾಯದ್ದು ಅನ್ನುವುದನ್ನು ದೇಶ ಒಂದು ಸಲ ಕಂಡಿದೆ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಅದು ಪ್ರಧಾನಿ ಇಂದಿರಾ ಗಾಂಧಿ ಅವರ ಸಲಹೆ. ಕೇಂದ್ರ ಸಂಪುಟ ಸೇರಿದ್ದು ಮಾರನೇ ದಿನ ಬೆಳಿಗ್ಗೆ. ಆಗಿ ಹೋದದ್ದಕ್ಕೆ ಒಪ್ಪಿಗೆ ಕೊಡಲು. ಆ ಹೊತ್ತಿಗೆ ವಿರೋಧ ಪಕ್ಷಗಳ ನಾಯಕರು ಜೈಲು ಸೇರಿಯಾಗಿತ್ತು. ಒಬ್ಬರೇ ಒಬ್ಬ ಸಚಿವರಿಗೆ ಹಿಂದಿನ ರಾತ್ರಿ ಆ ಕೋಣೆಯಲ್ಲಿ ‘ಇದು ಬೇಡ’ ಅನ್ನುವ ಅವಕಾಶ ಇದ್ದಿದ್ದರೆ ಏನಾಗುತ್ತಿತ್ತೋ! ಆ ಅವಕಾಶವೇ ಇರಲಿಲ್ಲ. ಆಮೇಲೆ 1978ರಲ್ಲಿ 44ನೇ ತಿದ್ದುಪಡಿ ಬಂತು. ಕೇಂದ್ರ ಸಂಪುಟದ ತೀರ್ಮಾನ ಬರವಣಿಗೆಯಲ್ಲಿ ಬಾರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವ ಹಾಗಿಲ್ಲ ಅಂತ 352ನೇ ವಿಧಿಯಲ್ಲಿ ಸೇರಿಸಿದರು. ಸಂವಿಧಾನದ ಬೇರೆ ಕಡೆಗಳಲ್ಲಿ ಮಂತ್ರಿಮಂಡಲ ಅಂತ ಇದೆ. ‘ಕ್ಯಾಬಿನೆಟ್’ ಅನ್ನುವ ಮಾತು ಬಂದದ್ದು ಅಲ್ಲಿ, ಆ ಪೆಟ್ಟು ತಿಂದ ಮೇಲೆ.

ಮಂತ್ರಿಮಂಡಲ, ಸಂಪುಟ ಎರಡೂ ಒಂದೇನಾ ಅಂತ ಕೆಲವರು ಕೇಳುತ್ತಾರೆ. ಸಂಪುಟ ದರ್ಜೆಗಿಂತ ಕೆಳಗಿನ ‘ರಾಜ್ಯ ಸಚಿವ’ರೂ ಸೇರಿ ಎಲ್ಲರೂ ಮಂತ್ರಿಮಂಡಲ. ಸಂಪುಟ ದರ್ಜೆಯವರು ಮಾತ್ರ ಸಂಪುಟ. 2003ರ 91ನೇ ತಿದ್ದುಪಡಿ ಪ್ರಕಾರ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಶೇ 15 ಮೀರಬಾರದು. ನಮ್ಮಲ್ಲಿ 224 ಸ್ಥಾನ, ಹಾಗಾಗಿ ಮುಖ್ಯಮಂತ್ರಿಯೂ ಸೇರಿ 34ರ ಲೆಕ್ಕ ನಡೆದುಬಂದಿದೆ.

ನಿಮ್ಮ ಸಚಿವರ ವಿಷಯಕ್ಕೆ ವಾಪಸ್ ಬರೋಣ. ಸಂಪುಟದ ತೀರ್ಮಾನ ಅವರ ಮನಸ್ಸಿಗೆ ಒಪ್ಪಲೇ ಇಲ್ಲ ಅನ್ನೋಣ. ಅವರ ಮುಂದೆ ಇದ್ದದ್ದು ಎರಡು ದಾರಿ. ಉಳಿದು ಹೊಣೆ ಹೊರುವುದು, ಬಿಟ್ಟು ಹೋಗಿ ಮಾತಾಡುವುದು. ಒಳಗಿದ್ದುಕೊಂಡೇ ಹೊರಗೆ ‘ನಾನು ಒಪ್ಪಿಲ್ಲ’ ಅನ್ನುವುದು ಮೂರನೇ ದಾರಿಯಲ್ಲ, ಅದು ಜನರಿಗೆ ಮಾಡುವ ಮೋಸ. ಬಿಟ್ಟು ಹೋದವರು ನಮ್ಮ ದೇಶದಲ್ಲಿ ಇದ್ದಾರೆ. ಅಂಬೇಡ್ಕರ್ 1951ರಲ್ಲಿ ಕಾನೂನು ಸಚಿವ ಸ್ಥಾನ ಬಿಟ್ಟರು. ಹಿಂದೂಗಳ ಮದುವೆ, ಆಸ್ತಿ ಹಕ್ಕಿನ ಕಾನೂನು ತಿದ್ದುವ ಹಿಂದೂ ಸಂಹಿತೆ ಮಸೂದೆ ಮೂಲೆಗೆ ಸರಿದದ್ದು ಅದಕ್ಕೆ ದೊಡ್ಡ ಕಾರಣ. ಸಿ.ಡಿ. ದೇಶಮುಖ್ 1956ರಲ್ಲಿ ಬೊಂಬಾಯಿ ನಗರವನ್ನು ಕೇಂದ್ರದ ಆಡಳಿತದಲ್ಲಿ ಇಡುವ ಸರ್ಕಾರದ ನಿಲುವು ಒಪ್ಪದೆ ಹಣಕಾಸು ಖಾತೆ ಬಿಟ್ಟರು. ನಿಮ್ಮ ಮಂಡ್ಯದ ಸಂಸದರಾಗಿದ್ದ ಅಂಬರೀಶ್ ಅವರೂ 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ ಕೇಂದ್ರದ ರಾಜ್ಯ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ತೀರ್ಪು ಕೊಟ್ಟದ್ದು ನ್ಯಾಯಮಂಡಳಿ, ಸಂಪುಟ ಅಲ್ಲ, ನಿಜ. ಆದರೂ ಕುರ್ಚಿಯಲ್ಲಿ ಕೂತು ಪ್ರತಿಭಟಿಸುವುದಕ್ಕೆ ಆಗುವುದಿಲ್ಲ ಅನ್ನುವುದು ಅಲ್ಲಿ ಕಾಣುತ್ತದೆ.

ಒಬ್ಬ ಸಚಿವರ ಸ್ವಂತ ಹೊಣೆ ಅನ್ನುವುದು ಇನ್ನೊಂದು ಬೇರೆಯೇ ಇದೆ. ತನ್ನ ಇಲಾಖೆಯಲ್ಲಿ ಆದದ್ದಕ್ಕೆ ತಾನು ಉತ್ತರ ಕೊಡುವುದು. 1956ರ ಅರಿಯಲೂರು ರೈಲು ದುರಂತದ ನಂತರ ಲಾಲ್ ಬಹದ್ದೂರ್ ಶಾಸ್ತ್ರಿ ರೈಲ್ವೆ ಖಾತೆ ಬಿಟ್ಟದ್ದು ಆ ಬಗೆಯದು.

ಇಷ್ಟು ಹೊತ್ತು ಪದ್ಧತಿ ಹೇಗಿರಬೇಕು ಅಂತ ಹೇಳಿದೆ. ನನ್ನ ಮನಸ್ಸಿಗೆ ಜಾಸ್ತಿ ನೋವು ಕೊಡುವ ವಿಷಯವನ್ನೂ ಹೇಳಬೇಕು. ವಿಧಾನಸಭೆ ಸಂಪುಟವನ್ನು ಹಿಡಿದಿರುವ ಹಗ್ಗ ವಿಶ್ವಾಸಮತ. ಅದು ಎಷ್ಟು ಗಟ್ಟಿ ಅಂತ ಆಗಾಗ ಕಂಡಿದ್ದೇವೆ. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಲೋಕಸಭೆಯಲ್ಲಿ ಒಂದೇ ಓಟಿನಿಂದ ಬಿತ್ತು. 2019ರ ಜುಲೈ 23ರಂದು ಕುಮಾರಸ್ವಾಮಿ ಅವರ ಸಮ್ಮಿಶ್ರ ಸರ್ಕಾರ 99ಕ್ಕೆ 105ರಿಂದ ಸೋತಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು ಅನ್ನುವುದು 1994ರ ಎಸ್.ಆರ್. ಬೊಮ್ಮಾಯಿ ತೀರ್ಪಿನಿಂದ ಬಂದ ಬಲ. 1989ರಲ್ಲಿ ಬೊಮ್ಮಾಯಿ ಅವರಿಗೆ ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ಸರ್ಕಾರ ತೆಗೆದಿದ್ದರು. ಆ ಅನ್ಯಾಯದಿಂದ ಇಡೀ ದೇಶಕ್ಕೆ ಉಪಯೋಗ ಆಯಿತು.

ಆದರೆ ದಿನನಿತ್ಯದಲ್ಲಿ ಈ ಹಗ್ಗ ಸಡಿಲವಾಗಿದೆ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದದ್ದು ಶಾಸಕರ ಖರೀದಿ ತಡೆಯಲು. ಉದ್ದೇಶ ಒಳ್ಳೆಯದು. ಅದರ ಜೊತೆಗೆ ಇನ್ನೊಂದು ಆಯಿತು. ಹೀಗೇ ಓಟು ಹಾಕಬೇಕು ಅಂತ ಪಕ್ಷ ವಿಪ್ (ಕಟ್ಟಪ್ಪಣೆ) ಕೊಟ್ಟರೆ ಆಳುವ ಪಕ್ಷದ ಶಾಸಕ ತನ್ನ ಕ್ಷೇತ್ರಕ್ಕೆ ಕೆಟ್ಟದ್ದಾಗುವ ಮಸೂದೆಗೂ ಕೈ ಎತ್ತಬೇಕು, ಇಲ್ಲದಿದ್ದರೆ ಸದಸ್ಯತ್ವ ಹೋಗಬಹುದು. ಸಂಪುಟ ಸದನಕ್ಕೆ ಹೆದರಬೇಕಾದ ಕಡೆ ಸದನವೇ ಸಂಪುಟಕ್ಕೆ ಹೆದರುವ ಹಾಗಾಗಿದೆ. ಬರೀ ಸರ್ಕಾರದ ಉಳಿವು ಮತ್ತು ಬಜೆಟ್ ವಿಷಯಕ್ಕೆ ವಿಪ್ ಇರಲಿ, ಉಳಿದದ್ದಕ್ಕೆ ಶಾಸಕರನ್ನು ಬಿಡಿ ಅನ್ನುವುದು ನನ್ನ ಅಭಿಪ್ರಾಯ. ಸಮ್ಮಿಶ್ರ ಸರ್ಕಾರಗಳಲ್ಲಿ ಇನ್ನೊಂದು ತೊಂದರೆ. ನಿಜವಾದ ತೀರ್ಮಾನ ಪಕ್ಷಗಳ ಸಮನ್ವಯ ಸಮಿತಿಯಲ್ಲಿ ಆಗಿಬಿಡುತ್ತದೆ. ಸದನಕ್ಕೆ ಹೊಣೆಯಲ್ಲದ ಕೋಣೆ ಅದು.

ಕೊನೆಯ ಪ್ರಶ್ನೆ, ಯಾರನ್ನು ಹಿಡಿದು ಕೇಳುವುದು.

ಮೊದಲು ನಿಮ್ಮ ಶಾಸಕರನ್ನು. ಆ ಸಚಿವರು ಸಂಪುಟದಲ್ಲಿ ಒಬ್ಬರು. ಶಾಸಕರು ಆ ಸಂಪುಟವನ್ನೇ ಪ್ರಶ್ನಿಸುವ ಸಭೆಯ ಸದಸ್ಯರು. ‘ಈ ನಾಲೆಯ ಕಾಮಗಾರಿ ಯಾಕೆ ನಿಂತಿತು, ಯಾವಾಗ ಕೈಗೆತ್ತಿಕೊಳ್ಳುತ್ತೀರಿ’ ಅಂತ ಚುಕ್ಕೆ ಗುರುತಿನ ಪ್ರಶ್ನೆ ಹಾಕಲು ಹೇಳಿ. ಅದಕ್ಕೆ ಸಚಿವರು ಸದನದಲ್ಲಿ ಬಾಯಿಬಿಟ್ಟು ಉತ್ತರ ಕೊಡಬೇಕು, ಉಪಪ್ರಶ್ನೆಗೂ ಉತ್ತರಿಸಬೇಕು. ವಿರೋಧ ಪಕ್ಷದ ಶಾಸಕರಾದರೂ, ಆಳುವ ಪಕ್ಷದವರಾದರೂ ಪ್ರಶ್ನೆ ಕೇಳುವುದಕ್ಕೆ ವಿಪ್ ಅಡ್ಡ ಬರುವುದಿಲ್ಲ.

ಎರಡನೆಯದು, ಮಾಹಿತಿ ಹಕ್ಕು. ಸಂಪುಟದ ಕಾಗದ ಸಿಗುವುದಿಲ್ಲ ಅಂತ ಕಚೇರಿಯಲ್ಲಿ ಹೇಳಿ ಕಳಿಸಬಹುದು. ಅದು ಪೂರ್ತಿ ನಿಜವಲ್ಲ. 2005ರ ಕಾಯ್ದೆಯ 8ನೇ ಕಲಮಿನಲ್ಲಿ ಸಂಪುಟದ ಚರ್ಚೆಗೆ ರಕ್ಷಣೆ ಇದೆ. ಆದರೆ ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಆ ತೀರ್ಮಾನ, ಅದರ ಕಾರಣ, ಅದಕ್ಕೆ ಆಧಾರವಾದ ದಾಖಲೆ ಕೊಡಬೇಕು ಅಂತಲೂ ಅಲ್ಲೇ ಬರೆದಿದೆ. ನಿಮ್ಮ ವಿಷಯ ಮುಂದಕ್ಕೆ ಹೋಗಿದೆ, ಮುಗಿದಿಲ್ಲ. ಹಾಗಾಗಿ ಈಗಲೇ ಟಿಪ್ಪಣಿ ಸಿಗುವುದು ಕಷ್ಟ. ಅಂದಾಜು ಪಟ್ಟಿ ಆಗಿದೆಯಾ, ನಿಗಮದಿಂದ ಪ್ರಸ್ತಾವನೆ ಯಾವ ದಿನ ಹೋಯಿತು ಅಂತ ನಿಗಮಕ್ಕೇ ಅರ್ಜಿ ಹಾಕಿ. ಅಷ್ಟು ಸಿಕ್ಕರೆ, ಸಚಿವರು ನಿಮ್ಮೂರಲ್ಲಿ ಮಾತಾಡಿದ ದಿನ ಕಡತ ಎಲ್ಲಿತ್ತು ಅಂತ ತಿಳಿಯುತ್ತದೆ.

ಮೂರನೆಯದು ಬಹಳ ಮಂದಿಗೆ ಗೊತ್ತಿಲ್ಲ. ನಮ್ಮ ವಿಧಾನಮಂಡಲದಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಅಂತ ಇದೆ. ಸಚಿವರು ಸದನದಲ್ಲಿ ‘ಮಾಡುತ್ತೇವೆ’ ಅಂದ ಮಾತುಗಳನ್ನು ಗುರುತು ಹಾಕಿಕೊಂಡು, ಮಾಡಿದ್ದಾರಾ ಅಂತ ಇಲಾಖೆಯನ್ನು ಕೇಳುವುದೇ ಅದರ ಕೆಲಸ. ಊರ ವೇದಿಕೆಯಲ್ಲಿ ಕೊಟ್ಟ ಮಾತು ಆ ಪಟ್ಟಿಗೆ ಸೇರುವುದಿಲ್ಲ. ಅದು ಸಚಿವರ ಮಾತು ಮಾತ್ರ. ಸದನದಲ್ಲಿ ಕೊಟ್ಟದ್ದು ಸರ್ಕಾರದ ಮಾತು, ಆ ಸಚಿವರ ಖಾತೆ ಬದಲಾದರೂ ಅವರ ಜಾಗಕ್ಕೆ ಬಂದವರು ಅದಕ್ಕೆ ಉತ್ತರ ಕೊಡಬೇಕು. ಮುಂದಿನ ಅಧಿವೇಶನ ಶುರುವಾಗುವ ಮುಂಚೆ ನಾಲ್ಕು ಜನ ಸೇರಿ ಶಾಸಕರ ಮನೆಗೆ ಹೋಗಿ. ನಿಮ್ಮೂರ ವೇದಿಕೆಯಲ್ಲಿ ಸಚಿವರು ಹೇಳಿದ ಆ ಮಾತನ್ನೇ ಸದನದಲ್ಲಿ ಅವರ ಬಾಯಿಂದ ಇನ್ನೊಂದು ಸಲ ಹೇಳಿಸಿ ಅಂತ ಕೇಳಿ.